ಮೆಕ್ಕೆಜೋಳದ ದಿಂಡಿನಿಂದ ಸಕ್ಕರೆ: ಕೆಲಸ ಎಲ್ಲಿಗೆ ಬಂತು

ಮೆಕ್ಕೆಜೋಳದ ದಿಂಡನ್ನು ಒಡೆದು ಸಕ್ಕರೆ ಮಾಡಿ, ಅದನ್ನು ಯೀಸ್ಟ್‌ನಿಂದ ಹುಳಿಸಿ ನೋಡುವ ಪ್ರಯೋಗ ಮನೆಯಲ್ಲಿ ಮಾಡುತ್ತಿದ್ದೇನೆ. ಅದರಲ್ಲಿ ಆಸಿಡ್ ದಾರಿಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಈಗ ಮೊದಲು ಕಾಸ್ಟಿಕ್ ಸೋಡಾ, ಆಮೇಲೆ ಎಂಜೈಮ್, ಅಂದರೆ ಇಂಥ ಸರಪಳಿಗಳನ್ನು ಕತ್ತರಿಸುವ ಪ್ರೋಟೀನ್.

ದಾವಣಗೆರೆ, ಹಾವೇರಿ ಕಡೆಯವರಿಗೆ ದಿಂಡಿನ ಬಗ್ಗೆ ಹೇಳಬೇಕಿಲ್ಲ. ಮಷಿನ್‌ನಲ್ಲಿ ಕಾಳು ಬಿಡಿಸಿದ ಮೇಲೆ ರಾಶಿ ರಾಶಿ ಬಿದ್ದಿರುತ್ತದೆ. ಒಣ ದಿಂಡಿನಲ್ಲಿ ಸುಮಾರು ಮೂರನೇ ಒಂದು ಭಾಗ ಸೆಲ್ಯುಲೋಸ್, ಹೆಚ್ಚುಕಡಿಮೆ ಅಷ್ಟೇ ಹೆಮಿಸೆಲ್ಯುಲೋಸ್. ಎರಡೂ ಸಕ್ಕರೆಯ ಸರಪಳಿಗಳೇ. ಅವುಗಳ ಸುತ್ತ ಅಂಟಿಕೊಂಡಿರುವ ಲಿಗ್ನಿನ್ ಎಂಬ ಗಟ್ಟಿ ಅಂಟಿನದೇ ತಲೆನೋವು.

ಆಸಿಡ್ ಪ್ರಯೋಗ ಹೀಗಿತ್ತು: ಪುಡಿ ಮಾಡಿದ ದಿಂಡು, ಶೇ. 1ರ ಸಲ್ಫ್ಯೂರಿಕ್ ಆಸಿಡ್, ಗಾಜಿನ ಬಾಟಲಿ, ಅದು ಕುಕ್ಕರ್ ಒಳಗೆ. ತಣ್ಣಗಾದ ಮೇಲೆ, ಸಕ್ಕರೆ ಇದೆಯೇ ಎಂದು ತೋರಿಸುವ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿದರೆ ನೀಲಿ ಹೋಗಿ ಇಟ್ಟಿಗೆ ಕೆಂಪು ಬಂತು. ನೋಡೋಕೆ ಖುಷಿ. ಆದರೆ ಯಾವ ಸಕ್ಕರೆ ಅಂತ ಬೆನೆಡಿಕ್ಟ್ ಹೇಳುವುದಿಲ್ಲ ಅಲ್ವಾ? ಇಷ್ಟು ಸುಲಭಕ್ಕೆ ಒಡೆಯುವುದು ಹೆಮಿಸೆಲ್ಯುಲೋಸ್. ಅದರಿಂದ ಬರುವುದು ಮುಖ್ಯವಾಗಿ ಕ್ಸೈಲೋಸ್ ಎಂಬ ಬೇರೆ ಬಗೆಯ ಸಕ್ಕರೆ. ಬೇಕರಿ ಯೀಸ್ಟ್‌ಗೆ ಅದನ್ನು ಹುಳಿಸಿ ಆಲ್ಕೋಹಾಲ್ ಮಾಡಲು ಬರುವುದಿಲ್ಲ. ಸುಣ್ಣ ಹಾಕಿ ಹುಳಿ ತೆಗೆದು, ಯೀಸ್ಟ್ ಬಿಟ್ಟು, ಬಾಟಲಿ ಬಾಯಿಗೆ ಬಲೂನ್ ಕಟ್ಟಿದೆ, ಹುಳಿತರೆ ಗ್ಯಾಸ್ ಬಂದು ಅದು ಉಬ್ಬಬೇಕು. ಪಕ್ಕದ ಸಕ್ಕರೆ ನೀರಿನ ಬಾಟಲಿಯದು ಚೆನ್ನಾಗಿ ಉಬ್ಬಿತು, ಇದು ಜೋತುಬಿದ್ದೇ ಇತ್ತು. ಜೊತೆಗೆ ಆಸಿಡ್‌ನಲ್ಲಿ ಬಿಸಿ ಜಾಸ್ತಿಯಾದರೆ ಕ್ಸೈಲೋಸ್ ಫರ್ಫ್ಯೂರಲ್ ಆಗುತ್ತದೆ. ಅದು ಯೀಸ್ಟ್‌ಗೆ ವಿಷ.

ಹಾಗಾಗಿ ಯೀಸ್ಟ್ ಹುಳಿಸಬಲ್ಲ ಗ್ಲೂಕೋಸ್ ಬೇಕಾದರೆ ಸೆಲ್ಯುಲೋಸನ್ನೇ ಹಿಡಿಯಬೇಕು. ಶೇ. 2ರ ಕಾಸ್ಟಿಕ್ ಸೋಡಾ ನೀರಿನಲ್ಲಿ ಪುಡಿ ಬೇಯಿಸಿದರೆ ಲಿಗ್ನಿನ್ ಕರಗಿ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸ್ಟೀಲ್ ಪಾತ್ರೆ, ಕೈಗವಸು, ಕನ್ನಡಕ ಇರಲೇಬೇಕು. ಆಮೇಲೆ ತೊಳೆಯುವುದು. ತೊಳೆದಷ್ಟೂ ಬಣ್ಣ ಬರುತ್ತಲೇ ಇರುತ್ತದೆ. ಇಡೀ ಕೆಲಸದಲ್ಲಿ ನನಗೆ ಬೇಜಾರಾಗುವ ಭಾಗ ಇದೇ, ನೀರು ಸುಮ್ನೆ ಹೋಗುತ್ತದೆ.

ಎಂಜೈಮ್ ಎಲ್ಲಿಂದ ಅಂತೀರಾ? ಜೀನ್ಸ್‌ನಿಂದ! ಬಳ್ಳಾರಿಯಂಥ ಜೀನ್ಸ್ ಊರಿನ ವಾಷಿಂಗ್ ಯೂನಿಟ್‌ಗಳಲ್ಲಿ ಬಟ್ಟೆಗೆ ಮಾಸಿದ ನೋಟ ಕೊಡಲು ಸೆಲ್ಯುಲೇಸ್, ಅಂದರೆ ಸೆಲ್ಯುಲೋಸ್ ಒಡೆಯುವ ಎಂಜೈಮ್, ಬಳಸುತ್ತಾರೆ. ಹತ್ತಿಯೂ ಸೆಲ್ಯುಲೋಸೇ ತಾನೇ. ಅದರಲ್ಲಿ ಆಸಿಡ್ ಸೆಲ್ಯುಲೇಸ್ ಅನ್ನೋ ಬಗೆ ಬೇಕು. ಪಿಎಚ್ (ಹುಳಿಯ ಅಳತೆ) 5ರ ಆಸುಪಾಸು, 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಚುರುಕು. ಪಿಎಚ್‌ಗೆ ಸಿಟ್ರಿಕ್ ಆಸಿಡ್. ಬಿಸಿಗೆ ಥರ್ಮೋಕೋಲ್ ಪೆಟ್ಟಿಗೆ, ಹಳೇ ಬಲ್ಬ್, ಕೋಳಿಮೊಟ್ಟೆ ಮರಿ ಮಾಡಿಸುವವರು ಬಳಸುವ ಥರ್ಮೋಸ್ಟಾಟ್.

ಗೊಬ್ಬರದಂಗಡಿಯಲ್ಲಿ ಸಿಗುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಸಾಲದೇ ಎಂದು ಗೆಳೆಯರೊಬ್ಬರು ಕೇಳಿದರು. ಆ ಶಿಲೀಂಧ್ರದ ಜಾತಿಯವೇ ಸೆಲ್ಯುಲೇಸ್ ಮಾಡುವುದು, ನಿಜ. ಆದರೆ ಅದನ್ನೇ ಬೆಳೆಸಿದರೆ ಹುಟ್ಟಿದ ಸಕ್ಕರೆಯನ್ನೂ ಅದೇ ತಿನ್ನುತ್ತದೆ.

ಅಳೆಯಲು ಮನೆಯ ಗ್ಲುಕೋಮೀಟರ್. ಪಟ್ಟಿ ಗ್ಲುಕೋಸ್ ಆಕ್ಸಿಡೇಸ್ ಬಗೆಯದ್ದಾಗಿರಬೇಕು, ಬೇರೆ ಕೆಲವು ಬಗೆಯವು ಕ್ಸೈಲೋಸನ್ನೂ ಗ್ಲೂಕೋಸ್ ಎಂದೇ ತೋರಿಸಿಬಿಡುತ್ತವೆ. ಮೀಟರ್ ರಕ್ತಕ್ಕೆಂದು ಮಾಡಿದ್ದು. ಅದಕ್ಕೇ ಗೊತ್ತಿರುವಷ್ಟು ಗ್ಲೂಕೋಸ್ ಕರಗಿಸಿದ ನೀರಿನ ಜೊತೆ ಹೋಲಿಸಿ ಓದುತ್ತೇನೆ. ಕಾಸ್ಟಿಕ್ ಕಾಣದ ಪುಡಿ ಎಂಜೈಮ್‌ಗೆ ಹೆಚ್ಚು ಬಗ್ಗಲಿಲ್ಲ. ಬೇಯಿಸಿ ತೊಳೆದದ್ದು ರಾತ್ರಿ ಕಳೆಯುವಷ್ಟರಲ್ಲಿ ಎಷ್ಟೋ ಪಟ್ಟು ಜಾಸ್ತಿ ಗ್ಲೂಕೋಸ್ ಕೊಟ್ಟಿತು. ಈ ಸಲ ಬಲೂನ್ ಎದ್ದು ನಿಂತಿತು.

ಲೆಕ್ಕ ಹಾಕಿದರೆ ಕಿಲೋ ದಿಂಡಿನ ಸೆಲ್ಯುಲೋಸ್ ಪೂರ್ತಿ ಒಡೆದು ಪೂರ್ತಿ ಹುಳಿತರೂ ಎಥನಾಲ್ (ಆಲ್ಕೋಹಾಲ್) ಕಾಲು ಲೀಟರ್ ಅಷ್ಟೇ. ಇಂಡಿಯನ್ ಆಯಿಲ್‌ನವರ ಪಾಣಿಪತ್ ಎಥನಾಲ್ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದಾಗ ಹೇಳಿದ್ದು ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್. ಅಂದರೆ ಕಿಲೋಗೆ 150 ಮಿಲಿಲೀಟರ್. ದೊಡ್ಡ ಕಾರ್ಖಾನೆಗೇ ಗುರಿ ಅಷ್ಟು.

ನಾನು ಬಟ್ಟಿ ಇಳಿಸುವುದಿಲ್ಲ, ಅದಕ್ಕೆ ಅಬಕಾರಿ ಲೈಸೆನ್ಸ್ ಬೇಕು. ಸಕ್ಕರೆ ಮತ್ತು ಬಲೂನ್‌ವರೆಗೆ ಮಾತ್ರ. ಮುಂದಿನ ಕೆಲಸ ತೊಳೆಯುವ ನೀರು ಕಡಿಮೆ ಮಾಡುವುದು: ಒಂದು ಪಾಳಿಯ ಕಪ್ಪು ಕಾಸ್ಟಿಕ್ ನೀರನ್ನೇ ಮುಂದಿನ ಪಾಳಿಯ ಪುಡಿ ನೆನೆಸಲು ಬಳಸಿ, ಗ್ಲೂಕೋಸ್ ಎಷ್ಟು ಇಳಿಯುತ್ತದೆ ನೋಡಬೇಕು.