ಲಾಂಜೆ ಕೋಟೆ: ಬೀದಿಗೊಂದು ಮುಖ, ಅಂಗಳಕ್ಕೊಂದು ಮುಖ

ಲುವಾರ್ ನದಿ ಕಣಿವೆಗೆ ಹೋಗುವವರ ಪಟ್ಟಿಯಲ್ಲಿ ಶಾಂಬೋರ್, ಶೆನೋಂಸೊ ಅರಮನೆಗಳು ಇದ್ದೇ ಇರುತ್ತವೆ. ಫ್ರಾನ್ಸಿನ ಮಧ್ಯಯುಗದ ಕೋಟೆ ವಾಸದ ಮನೆಯಾಗಿ ಬದಲಾದದ್ದನ್ನು ಒಂದೇ ಕಟ್ಟಡದಲ್ಲಿ ಕಾಣಬೇಕಿದ್ದರೆ ಲಾಂಜೆಗೂ ಅರ್ಧ ದಿನ ಎತ್ತಿಡಿ.

ಪ್ಯಾರಿಸ್ಸಿನ ಮೊಂಪಾರ್ನಾಸ್ ನಿಲ್ದಾಣದಿಂದ ತೂರ್ ನಗರಕ್ಕೆ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಹಲವರು ಎಡವುವುದು ಇಲ್ಲೇ. ತೂರ್ ನಗರದ ನಿಲ್ದಾಣದಲ್ಲಿ ಹಳಿ ಕೊನೆಯಾಗುತ್ತದೆ, ಆದ್ದರಿಂದ ಮುಂದೆ ಬೋರ್ಡೊ ಕಡೆಗೆ ಹೋಗುವ ಟಿಜಿವಿಗಳು ಊರೊಳಗೆ ಬಾರದೆ ಪಕ್ಕದ ಸೇಂ-ಪಿಯೆರ್-ದೆ-ಕೋರ್‌ನಲ್ಲಿ ನಿಲ್ಲುತ್ತವೆ. ಅಲ್ಲಿಳಿದು ಐದು ನಿಮಿಷದ ಸಂಪರ್ಕ ರೈಲಿನಲ್ಲಿ ತೂರ್ ಸೇರಿ, ಸೋಮ್ಯೂರ್ ದಿಕ್ಕಿನ ಟಿಇಆರ್ ಎಂಬ ಪ್ರಾದೇಶಿಕ ರೈಲು ಹತ್ತಬೇಕು. ಇಪ್ಪತ್ತೈದು ಕಿಲೋಮೀಟರು, ಇಪ್ಪತ್ತು ನಿಮಿಷದ ಆಸುಪಾಸು. ನಿಲ್ದಾಣದ ಹಲಗೆಯಲ್ಲಿರುವ ಹೆಸರನ್ನು ಇಂಗ್ಲಿಷಿನಂತೆ ಓದಬೇಡಿ. ದಾರಿ ಕೇಳುವಾಗ ‘ಲಾಂಜೆ’ ಎಂದರೇ ಜನಕ್ಕೆ ಅರ್ಥವಾಗುವುದು. ಇಳಿದ ಕೂಡಲೇ ವಾಪಸು ರೈಲಿನ ಸಮಯ ಬರೆದುಕೊಳ್ಳಿ. ನಡುಹಗಲಲ್ಲಿ ಮತ್ತು ಭಾನುವಾರ ರೈಲುಗಳ ನಡುವೆ ದೊಡ್ಡ ಅಂತರವಿರುತ್ತದೆ. ಕೋಟೆಗೆ ಕಾಲ್ನಡಿಗೆಯ ದೂರವಷ್ಟೇ.

ಟಿಕೆಟ್ ಕೊಳ್ಳುವ ಮೊದಲು ಬೀದಿಯಲ್ಲೇ ಹತ್ತು ನಿಮಿಷ ನಿಲ್ಲಿ. 1465ರ ಸುಮಾರಿಗೆ ಫ್ರಾನ್ಸಿನ ರಾಜ ಹನ್ನೊಂದನೆಯ ಲೂಯಿ ಇದನ್ನು ಕಟ್ಟಿಸತೊಡಗಿದ. ಉಸ್ತುವಾರಿ ಅವನ ಹಣಕಾಸಿನ ಅಧಿಕಾರಿ ಜಾನ್ ಬೂರೆಯದು. ಪಶ್ಚಿಮದ ಕರಾವಳಿಯ ಬ್ರಿಟನಿ ಆಗಿನ್ನೂ ಸ್ವತಂತ್ರ ಡಚಿ, ಅಂದರೆ ಡ್ಯೂಕ್ ಆಳುವ ನಾಡು. ಅಲ್ಲಿಂದ ಲುವಾರ್ ಗುಂಟ ಬರುವ ದಾರಿಗೆ ಕಾವಲು ಬೇಕಿತ್ತು. ಆದ್ದರಿಂದ ಈ ಮುಖದಲ್ಲಿರುವುದೆಲ್ಲ ದುಂಡು ಬುರುಜು, ಎತ್ತರದ ಬೋಳು ಗೋಡೆ, ಎತ್ತಿ ಇಳಿಸುವ ಸೇತುವೆ. ಮೇಲ್ತುದಿಯಲ್ಲಿ ಗೋಡೆಯಿಂದ ಹೊರಚಾಚಿದ ಕಲ್ಲುಗಳ ಸಾಲು ಕಾಣುತ್ತದೆ. ಆ ಕಲ್ಲುಗಳ ನಡುವೆ ಬಿಟ್ಟಿರುವ ಕಂಡಿಗಳು ಬುಡಕ್ಕೆ ಬಂದ ಶತ್ರುವಿನ ಮೇಲೆ ಕಲ್ಲು ಕೆಡವುವುದಕ್ಕೆ.

ಹೆಬ್ಬಾಗಿಲು ದಾಟಿ ಅಂಗಳಕ್ಕೆ ಹೋಗಿ ತಿರುಗಿ ನೋಡಿದರೆ ಅದೇ ಗೋಡೆ ಮನೆಯಾಗಿದೆ. ಕಲ್ಲಿನ ಅಡ್ಡಪಟ್ಟಿಗಳಿರುವ ಅಗಲವಾದ ಕಿಟಕಿಗಳು, ಸ್ಲೇಟು ಕಲ್ಲಿನ ಕಡಿದಾದ ಮಾಡು, ಗೋಡೆಗೆ ಅಂಟಿಕೊಂಡ ಸುರುಳಿ ಮೆಟ್ಟಿಲಿನ ಗೋಪುರಗಳು. ಕಟ್ಟಡ ಲಂಬಕೋನದಲ್ಲಿ ಸೇರುವ ಎರಡು ಸಾಲುಗಳಷ್ಟೇ, ಅಂಗಳವನ್ನು ನಾಲ್ಕೂ ಕಡೆ ಮುಚ್ಚಿಲ್ಲ.

ಒಳಗಿನ ಕೋಣೆಗಳಲ್ಲಿ ಒಂದು ವಿಷಯ ನೆನಪಿರಲಿ. ಮಂಚ, ಪೆಟ್ಟಿಗೆ, ನೇಯ್ದ ಗೋಡೆತೆರೆಗಳು ಇಲ್ಲಿ ಆರಂಭದಿಂದ ಇದ್ದವಲ್ಲ. 1886ರಲ್ಲಿ ಕೋಟೆ ಕೊಂಡ ಜಾಕ್ ಸೀಗ್‌ಫ್ರೀಡ್ ಸುಮಾರು ಹದಿನೆಂಟು ವರ್ಷ ಹುಡುಕಿ ಕೂಡಿಸಿ, 1904ರಲ್ಲಿ ಎಲ್ಲವನ್ನೂ ವಿದ್ವತ್ ಅಕಾಡೆಮಿಗಳ ಕೂಟವಾದ ಫ್ರಾನ್ಸಿನ ಇನ್‌ಸ್ಟಿಟ್ಯೂಟಿಗೆ ಕೊಟ್ಟ. (ಹತ್ತಿಯ ವ್ಯಾಪಾರಿ ಮನೆತನ ಅದು, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬೊಂಬಾಯಿಯಲ್ಲೂ ಮಳಿಗೆ ತೆರೆದಿತ್ತು.) ಕಟ್ಟಡದ್ದೇ ಅಂಗವಾದ ಅಗ್ಗಿಷ್ಟಿಕೆಗಳನ್ನು ತಪ್ಪದೆ ನೋಡಿ. ಒಂದರ ಮೇಲ್ಭಾಗವನ್ನು ಕೋಟೆಯ ತೆನೆಗೋಡೆಯಂತೆ ಕೆತ್ತಿದ್ದಾರೆ, ಅಲ್ಲಿಂದ ಪುಟ್ಟ ಕಾವಲುಗಾರರು ಇಣುಕುತ್ತಾರೆ.

ಮೇಣದ ಗೊಂಬೆಗಳಿರುವ ಸಭಾಂಗಣ 1491ರ ಡಿಸೆಂಬರ್ 6ರ ಮದುವೆಯದು. ವಧು ಬ್ರಿಟನಿಯ ಒಡತಿ ಆನ್, ವಯಸ್ಸು ಹದಿನಾಲ್ಕು. ವರ ಫ್ರಾನ್ಸಿನ ರಾಜ ಎಂಟನೆಯ ಶಾರ್ಲ್, ಇಪ್ಪತ್ತೊಂದು. ಮದುವೆಯ ಒಪ್ಪಂದದಲ್ಲಿ ಒಂದು ಷರತ್ತು ಇತ್ತು: ಗಂಡುಮಗನಿಲ್ಲದೆ ಶಾರ್ಲ್ ತೀರಿಕೊಂಡರೆ ಮುಂದಿನ ರಾಜನನ್ನೇ ಆಕೆ ಮದುವೆಯಾಗಬೇಕು. 1499ರಲ್ಲಿ ಹಾಗೆಯೇ ಆಯಿತು. ಯಾವ ಬ್ರಿಟನಿಯ ಭಯಕ್ಕೆ ಕೋಟೆ ಎದ್ದಿತೋ ಆ ಬ್ರಿಟನಿ ಈ ಕೋಣೆಯಿಂದಲೇ ಫ್ರಾನ್ಸಿನ ಕೈಗೆ ಬರತೊಡಗಿತು. ಬೆಳಕು ಮತ್ತು ಧ್ವನಿಯ ನಿರೂಪಣೆ ಇದೆ. ನಡುವೆ ಒಳಹೊಕ್ಕರೆ ಕತೆ ಹಿಡಿಯುವುದಿಲ್ಲ, ಮೊದಲಿನಿಂದ ಶುರುವಾಗುವವರೆಗೆ ಕಾಯಿರಿ.

ಕೊನೆಗೆ ಮಾಡಿನಡಿಯ ಕಾವಲು ಓಣಿ. ಬೀದಿಯಿಂದ ಕಂಡ ಕಂಡಿಗಳು ಇಲ್ಲಿ ಕಾಲ ಬುಡದಲ್ಲೇ ಇವೆ, ಊರಿನ ಮಾಡುಗಳೂ ನದಿಯೂ ಒಟ್ಟಿಗೆ ಕಾಣುತ್ತವೆ. ಹತ್ತುವ ಸುರುಳಿ ಮೆಟ್ಟಿಲು ಕಿರಿದು, ಒಳಬದಿಯಲ್ಲಿ ಪಾದ ಪೂರ್ತಿ ಊರುವುದಿಲ್ಲ. ಹೊರಗೋಡೆಯ ಕಡೆಗೆ ಹೆಜ್ಜೆ ಇಡಿ, ಸೀರೆ ಉಟ್ಟವರು ನೆರಿಗೆ ಎತ್ತಿ ಹಿಡಿಯಿರಿ. ಮಂಡಿನೋವಿನವರಿಗೆ ಈ ಭಾಗ ಬೇಡ.

ಒಳಗೆ ಒಂದೂವರೆ ಗಂಟೆ ಸಾಕು. ಮುಕ್ಕಾಲು ಗಂಟೆಯಾದರೂ ಹಿಂದಿನ ಉದ್ಯಾನಕ್ಕೆ ಉಳಿಸಿ. ದಿಬ್ಬದ ಮೇಲೆ ಆಂಜು ಪ್ರಾಂತ್ಯದ ಕೌಂಟ್ ಫುಲ್ಕ್ ನೆರ್ರಾ 994ರ ಸುಮಾರಿಗೆ ಕಟ್ಟಿಸಿದ ಕಲ್ಲಿನ ಗೋಪುರದ ಪಾಳುಗೋಡೆ ನಿಂತಿದೆ. ಫ್ರಾನ್ಸಿನ ಅತಿ ಹಳೆಯ ಕಲ್ಲಿನ ಕಾವಲು ಗೋಪುರಗಳಲ್ಲಿ ಇದೂ ಒಂದು. ಹಳೆಯ ಪದ್ಧತಿಯ ಮರದ ಅಟ್ಟಣಿಗೆಯನ್ನು ಗೋಡೆಗೆ ಆನಿಸಿ ತೋರಿಸಿದ್ದಾರೆ. ಮಳೆ ಬಂದರೆ ದಿಬ್ಬದ ದಾರಿ ಜಾರುತ್ತದೆ, ಹಿಡಿತವಿರುವ ಬೂಟು ಹಾಕಿಕೊಂಡು ಹೋಗಿ.