ನಾದಮ್ ನೋಡಲು ಹೋಗುವವರು ರಾಜಧಾನಿಯಲ್ಲಿ ದುಡ್ಡು ಕಳೆಯಬೇಡಿ

ಮಂಗೋಲಿಯಾದ ಅರ್ಖಾಂಗಾಯ್ ಪ್ರಾಂತ್ಯದ ಒಂದು ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಸ್ವಯಂಸೇವಕನಾಗಿ ನಾನು ಒಂದು ವರ್ಷ ಇದ್ದೆ. ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆಗಳ ಅಲ್ಲಿನ ರಾಷ್ಟ್ರೀಯ ಹಬ್ಬವಾದ ನಾದಮ್ ಅನ್ನು ಒಂದೇ ತಿಂಗಳಲ್ಲಿ ಎರಡು ಸಲ ನೋಡಿದೆ. ಮೊದಲು ರಾಜಧಾನಿ ಉಲಾನ್‌ಬಾತರಿನಲ್ಲಿ, ದುಡ್ಡು ಕೊಟ್ಟು ಮೋಸಹೋಗಿ, ಆಮೇಲೆ ನಾನಿದ್ದ ಊರಿನಲ್ಲಿ, ತಿಂಡಿಯ ಖರ್ಚೊಂದನ್ನು ಬಿಟ್ಟರೆ ಪುಕ್ಕಟೆಯಾಗಿ. ಎರಡರಲ್ಲಿ ಯಾವುದನ್ನು ಆರಿಸಬೇಕೆಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1921ರ ಕ್ರಾಂತಿಯ ನೆನಪಿಗೆ ರಾಜಧಾನಿಯ ನಾದಮ್ ಪ್ರತಿವರ್ಷ ಜುಲೈ 11ರಂದು ಆರಂಭವಾಗುತ್ತದೆ. ಉದ್ಘಾಟನೆಯ ದಿನ ಒಂಬತ್ತು ಬಿಳಿಯ ಧ್ವಜಗಳನ್ನು ಕುದುರೆ ಸವಾರರು ಸರ್ಕಾರಿ ಭವನದಿಂದ ಕ್ರೀಡಾಂಗಣಕ್ಕೆ ತರುತ್ತಾರೆ. ಆ ಧ್ವಜಗಳನ್ನು ಹತ್ತಿರದಿಂದ ನೋಡುವ ಆಸೆಯಿಂದ, ನಾನು ಇಳಿದುಕೊಂಡಿದ್ದ ವಸತಿಗೃಹದವನಿಂದ ಮುದ್ರಿತ ದರದ ಮೂರು ಪಟ್ಟು ಕೊಟ್ಟು ಟಿಕೆಟ್ ಕೊಂಡೆ. ಒಳಗೆ ಹೋಗಿ ನೋಡಿದರೆ ನನ್ನ ಆಸನದಲ್ಲಿ ಅದೇ ಸಂಖ್ಯೆಯ ಟಿಕೆಟ್ ಹಿಡಿದ ಅಜ್ಜನೊಬ್ಬ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅವರನ್ನು ಎಬ್ಬಿಸಲು ಮನಸ್ಸಾಗದೆ ಮೆಟ್ಟಿಲ ಮೇಲೆ ಕುಳಿತೆ. ಧ್ವಜಗಳು ಬಂದಾಗ ಮುಂದಿನವರೆಲ್ಲ ಎದ್ದು ನಿಂತರು, ನನಗೆ ಕಂಡದ್ದು ಟೋಪಿಗಳು ಮಾತ್ರ. ಜನಜಂಗುಳಿಯನ್ನು ನಾನು ಮೊದಲಿನಿಂದಲೂ ಸಹಿಸುವವನಲ್ಲ, ಆದ್ದರಿಂದ ಈ ತೀರ್ಪು ಸ್ವಲ್ಪ ಕಠಿಣವಾಗಿದ್ದರೆ ಕ್ಷಮಿಸಿ. ಕುದುರೆ ಓಟವಂತೂ ನಗರದ ಹೊರಗಿನ ಹುಯ್ ದೊಲೋನ್ ಹುದಗ್ ಬಯಲಿನಲ್ಲಿ ನಡೆಯುತ್ತದೆ. ಅಲ್ಲಿಗೆ ಹೋಗುವ ರಸ್ತೆಯ ವಾಹನಸಾಲನ್ನು ದೂರದಿಂದ ನೋಡಿಯೇ ನಾನು ಹಿಂತಿರುಗಿದೆ.

ಹಬ್ಬದ ಸಮಯದಲ್ಲಿ ಇಡೀ ನಗರವೇ ಹಳ್ಳಿಗಳತ್ತ ಹೊರಡುವುದರಿಂದ ಮುಂಗಡವಾಗಿ ಬಸ್ ಟಿಕೆಟ್ ಕಾದಿರಿಸದವರಿಗೆ ಉಳಿಯುವುದು ಫುರ್ಗೋನ್ ಎಂದು ಕರೆಯುವ ರಷ್ಯನ್ ವ್ಯಾನ್ ಒಂದೇ. ಚಾಲಕ ಬೆಳಿಗ್ಗೆ 8ಕ್ಕೆ ಹೊರಡುತ್ತೇನೆಂದ. ವ್ಯಾನ್ ತುಂಬದೆ ಅದು ಹೊರಡುವುದಿಲ್ಲ, ತುಂಬಿತು ಎಂದು ತೀರ್ಮಾನಿಸುವವನೂ ಅವನೇ. ಮಧ್ಯಾಹ್ನ 2 ಗಂಟೆಗೆ, ಹದಿನೇಳು ಜನ, ಒಂದು ಟಿವಿ, ಎರಡು ಹಿಟ್ಟಿನ ಮೂಟೆಗಳೊಂದಿಗೆ ನಾವು ಹೊರಟಾಗ ನನ್ನ ಮೊಣಕಾಲುಗಳು ಗಲ್ಲಕ್ಕೆ ತಾಗುತ್ತಿದ್ದವು. ಊರು ತಲುಪಿದ್ದು ಮರುದಿನ ಬೆಳಗಿನ ಜಾವಕ್ಕೆ. ಕನಿಷ್ಠ ಒಂದು ವಾರ ಮೊದಲೇ ಬಸ್ ಟಿಕೆಟ್ ಕೊಂಡಿಟ್ಟುಕೊಳ್ಳಿ.

ಚಿಕ್ಕ ಊರುಗಳ ನಾದಮ್ ಎಲ್ಲ ಕಡೆ ಜುಲೈ 11ಕ್ಕೇ ನಡೆಯುವುದಿಲ್ಲ, ದಿನಾಂಕವನ್ನು ಸ್ಥಳೀಯರಿಂದಲೇ ಕೇಳಿ ತಿಳಿಯಬೇಕು. ನಮ್ಮೂರಿನಲ್ಲಿ ಮೆರವಣಿಗೆಗೆ ಶಿಕ್ಷಕರೆಲ್ಲ ಸಾಲುಗಟ್ಟಿ ನಡೆಯುವ ರೂಢಿ ಇದ್ದುದರಿಂದ ಸಹೋದ್ಯೋಗಿಯೊಬ್ಬರು ತಮ್ಮ ಗಂಡನ ಡೀಲ್ ನಿಲುವಂಗಿಯನ್ನು ನನಗೆ ತೊಡಿಸಿ, ರೇಷ್ಮೆಯ ನಡುಪಟ್ಟಿಯನ್ನು ಉಸಿರು ಕಟ್ಟುವಷ್ಟು ಬಿಗಿದರು. ಆ ವೇಷದಲ್ಲಿ ನಡೆದ ಮೇಲೆ ಕುಸ್ತಿಯ ಅಂಗಳದ ಅಂಚಿನಲ್ಲೇ, ಹುಲ್ಲಿನ ಮೇಲೆ, ನನಗೆ ಜಾಗ ಸಿಕ್ಕಿತು. ತೂಕದ ವರ್ಗವೆಂಬುದೇ ಇಲ್ಲದ ಈ ಕುಸ್ತಿಯಲ್ಲಿ ಮೊಣಕಾಲೋ ಮೊಣಕೈಯೋ ನೆಲಕ್ಕೆ ತಾಗಿದವನು ಸೋತಂತೆ. ಸೋತವನು ಗೆದ್ದವನ ತೋಳಿನ ಕೆಳಗೆ ಹಾದುಹೋಗುತ್ತಾನೆ, ಗೆದ್ದವನು ಕೈಗಳನ್ನು ರೆಕ್ಕೆಗಳಂತೆ ಚಾಚಿ ಧ್ವಜದ ಸುತ್ತ ಕುಣಿಯುತ್ತಾನೆ. ರಾಷ್ಟ್ರೀಯ ನಾದಮ್‌ನಲ್ಲಿ ಏಳು ಸುತ್ತು ಗೆದ್ದ ಜಟ್ಟಿಗೆ ಆನೆ, ಎಂಟು ಗೆದ್ದವನಿಗೆ ಗರುಡ, ಒಂಬತ್ತು ಗೆದ್ದವನಿಗೆ ಸಿಂಹ ಎಂಬ ಬಿರುದು ಸಿಗುತ್ತದೆಂದು ಪಕ್ಕದವರು ವಿವರಿಸಿದಾಗ, ಗರುಡ ಇಷ್ಟು ದೂರ ಹಾರಿಬಂದಿದ್ದಾನೆಯೇ ಎಂದು ನನಗೆ ಅಚ್ಚರಿಯಾಯಿತು.

ಊಟದ ವಿಷಯಕ್ಕೆ ಬಂದರೆ, ಅಂಗಳದ ಹಿಂದಿನ ಸಾಲಿನಲ್ಲಿದ್ದ ನೀಲಿ ಟಾರ್ಪಾಲಿನ ಡೇರೆಯನ್ನು ನಾನು ಮರೆಯಲಾರೆ. ಅತ್ತೆ ಕಣಕ ಲಟ್ಟಿಸುತ್ತಿದ್ದರು, ಒಬ್ಬ ಸೊಸೆ ಈರುಳ್ಳಿ ಬೆರೆಸಿದ ಕುರಿಯ ಕೈಮಾ ತುಂಬಿ ಕರಿಗಡಬಿನಂತೆ ಮಡಿಚಿ ಅಂಚು ಒತ್ತುತ್ತಿದ್ದಳು, ಇನ್ನೊಬ್ಬಳು ಕಬ್ಬಿಣದ ಬಾಣಲೆಯಲ್ಲಿ ಕರಿಯುತ್ತಿದ್ದಳು. ಇದೇ ಹುಶೂರ್, ನಾದಮ್‌ನ ಹಬ್ಬದಡುಗೆ. ಉಪ್ಪು ಬಿಟ್ಟರೆ ಬೇರೆ ಮಸಾಲೆ ಕಾಣದು. ಮೊದಲನೆಯದನ್ನು ಅತ್ತೆ ನನ್ನ ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿಸಿದರು, ಬಿಸಿ ಒಳಗಿಳಿದರೆ ಮೈಗೆ ಒಳ್ಳೆಯದಂತೆ. ಕಚ್ಚಿದೊಡನೆ ಕೊಬ್ಬಿನ ರಸ ಮಣಿಕಟ್ಟಿನವರೆಗೆ ಹರಿಯಿತು, ಎರವಲು ಡೀಲ್‌ನ ತೋಳಿಗೆ ಬಿದ್ದ ಆ ಕಲೆ ಕೊನೆಗೂ ಹೋಗಲಿಲ್ಲ. ಜೊತೆಗೆ ಉಪ್ಪು ಹಾಕಿದ ಹಾಲಿನ ಚಹಾ. ಮೂರು ದಿನವೂ ನಾನು ಬೇರೆಲ್ಲಿಯೂ ಉಣ್ಣಲಿಲ್ಲ. ಸಸ್ಯಾಹಾರಿಗಳು ಮಾತ್ರ ಅವಲಕ್ಕಿ, ಚಟ್ನಿಪುಡಿಗಳನ್ನು ಮನೆಯಿಂದಲೇ ಒಯ್ಯುವುದು ಒಳ್ಳೆಯದು. ಒಣಗಿಸಿದ ಮೊಸರಿನ ಗಟ್ಟಿ ತುಂಡಾದ ಆರುಲ್ ಎಲ್ಲೆಡೆ ಸಿಗುತ್ತದೆ, ಹಲ್ಲು ಗಟ್ಟಿಯಿರಬೇಕಷ್ಟೆ. ಹುದುಗಿಸಿದ ಕುದುರೆ ಹಾಲಾದ ಐರಗ್‌ನ ಬಟ್ಟಲನ್ನು ಯಾರಾದರೂ ನೀಡಿದರೆ ಎಡಗೈಯನ್ನು ಬಲ ಮೊಣಕೈಗೆ ಆನಿಸಿ ಬಲಗೈಯಿಂದ ತೆಗೆದುಕೊಂಡು, ತುಟಿ ತಾಗಿಸಿ ಹಿಂತಿರುಗಿಸಿದರೂ ಯಾರೂ ಬೇಸರಪಡುವುದಿಲ್ಲ. ಮೊದಲ ದಿನವೇ ಪೂರ್ತಿ ಬಟ್ಟಲು ಕುಡಿದದ್ದರ ಫಲವಾಗಿ ಬಿಲ್ಲುಗಾರಿಕೆಯ ಬಹುಭಾಗ ನನಗೆ ತಪ್ಪಿಹೋಯಿತು.

ಕುದುರೆ ಓಟದ ಸವಾರರು ಮಕ್ಕಳು. ಏಳೆಂಟು ವರ್ಷದವರು ಹತ್ತಾರು ಕಿಲೋಮೀಟರ್ ಕುದುರೆ ಓಡಿಸುವುದು ನನಗೆ ಇಂದಿಗೂ ಸಮಾಧಾನ ತಂದಿಲ್ಲ. ಗೆದ್ದ ಕುದುರೆಯ ಬೆವರನ್ನು ಮುಟ್ಟಿಕೊಳ್ಳಲು ಜನ ಮುಗಿಬೀಳುವಾಗ ಧೂಳಿನಲ್ಲಿ ಏನೂ ಕಾಣುವುದಿಲ್ಲ, ಆದ್ದರಿಂದ ಮೂಗಿಗೆ ಕಟ್ಟಲು ಬಟ್ಟೆಯಿರಲಿ, ಗಾಳಿ ಬೀಸಿ ಬರುವ ಬದಿಯಲ್ಲಿ ನಿಲ್ಲಿ. ಎರಡು ವರ್ಷದ ಕುದುರೆಗಳ ಓಟದಲ್ಲಿ ಕಟ್ಟಕಡೆಗೆ ಬಂದ ಕುದುರೆಗೂ ಒಂದು ಗೌರವವಿದೆ. ಅದನ್ನು ‘ಬಯನ್ ಹೊದೋದ್’, ಅಂದರೆ ತುಂಬಿದ ಹೊಟ್ಟೆ ಎಂದು ಕರೆದು, ಮುಂದಿನ ವರ್ಷ ನೀನೇ ಮೊದಲು ಬರುವೆ ಎಂದು ಎಲ್ಲರ ಮುಂದೆ ಹಾಡುತ್ತಾರೆ. ಆ ವರ್ಷ ಅದರ ಮೇಲಿದ್ದವನು ನನ್ನ ತರಗತಿಯ ಹುಡುಗ. ಹಾಡು ಮುಗಿಯುವವರೆಗೂ ಅವನು ಕುದುರೆಯ ಕೇಸರದಲ್ಲಿ ಮುಖ ಹುದುಗಿಸಿಕೊಂಡಿದ್ದ. ಆಮೇಲೆ ಇಳಿದು ಬಂದವನು ನೀಲಿ ಡೇರೆಯಲ್ಲಿ ನನ್ನ ಖರ್ಚಿನಲ್ಲಿ ಎಂಟು ಹುಶೂರ್ ತಿಂದ.