ಹಾರ್ಲೆಮ್‌ನ ತಗ್ಗಿನಲ್ಲಿ ಏಳುತ್ತಿರುವ ವಿಶ್ವವಿದ್ಯಾಲಯ

ಕೊಲಂಬಿಯಾ ವಿಶ್ವವಿದ್ಯಾಲಯ ಎಂದೊಡನೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಡಾ. ಬಿ.ಆರ್. ಅಂಬೇಡ್ಕರ್. ಅವರು 1913ರಲ್ಲಿ ಬಂದು ಓದಿದ್ದು ನ್ಯೂಯಾರ್ಕಿನ 116ನೇ ಬೀದಿಯಲ್ಲಿ, ಮಾರ್ನಿಂಗ್‌ಸೈಡ್ ಹೈಟ್ಸ್ ಎಂಬ ದಿಬ್ಬದ ಮೇಲಿರುವ ಹಳೆಯ ಆವರಣದಲ್ಲಿ. ಊರಿನಿಂದ ಬಂದ ನೆಂಟರು ನೋಡಬೇಕೆಂದು ಕೇಳುವುದೂ ಅದನ್ನೇ. ಆದರೆ ಈ ವಿಶ್ವವಿದ್ಯಾಲಯ ಇಂದು ಬೆಳೆಯುತ್ತಿರುವುದು ಅಲ್ಲಲ್ಲ. ಅಲ್ಲಿಂದ ಉತ್ತರಕ್ಕೆ ಇಳಿಜಾರಿನಲ್ಲಿ ನಡೆದು 125ನೇ ಬೀದಿಯನ್ನು ದಾಟಿದರೆ ಸಿಗುವ ಮ್ಯಾನ್‌ಹ್ಯಾಟನ್‌ವಿಲ್ ಎಂಬ ತಗ್ಗುಪ್ರದೇಶದಲ್ಲಿ. ಪಶ್ಚಿಮ ಹಾರ್ಲೆಮ್‌ನ ಈ ಭಾಗದಲ್ಲಿ, ಹಡ್ಸನ್ ನದಿಗೆ ಸಮೀಪದಲ್ಲಿ, ಸುಮಾರು 17 ಎಕರೆ ಜಾಗದಲ್ಲಿ ಎದ್ದು ನಿಲ್ಲುತ್ತಿರುವ ಹೊಸ ಆವರಣವನ್ನು ಕಟ್ಟಡ ನಿರ್ಮಾಣದ ವೃತ್ತಿಯಲ್ಲಿರುವ ನಾನು ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ಕೆಲಸ ಎಲ್ಲಿಯವರೆಗೆ ಬಂದಿದೆ, ಹೇಗೆ ನಡೆದಿದೆ, ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಊರಿನ ಓದುಗರಿಗೆ ತಿಳಿಸಬೇಕೆಂದು ಈ ಬರಹ.

ಹದಿನೇಳು ಎಕರೆ ಎಂದರೆ ನಮ್ಮವರಿಗೆ ಬಹಳ ಸಣ್ಣದೆನಿಸಬಹುದು. ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೆಂಟ್ರಲ್ ಕಾಲೇಜಿನ ಆವರಣ ಸಾಲದಾದಾಗ, 1970ರ ದಶಕದಲ್ಲಿ ಅದು ಊರಾಚೆಗೆ, ಜ್ಞಾನಭಾರತಿಯ ಸಾವಿರ ಎಕರೆಗೂ ಮಿಕ್ಕ ಜಾಗಕ್ಕೆ ಹೋಯಿತು. ಮ್ಯಾನ್‌ಹ್ಯಾಟನ್ ದ್ವೀಪದಲ್ಲಿ ಹಾಗೆ ಹೊರಗೆ ಹೋಗಲು ಜಾಗವಿಲ್ಲ. ಇರುವ ಊರಿನೊಳಗೇ ಬೆಳೆಯಬೇಕಾದರೆ ಮೇಲಕ್ಕೆ ಬೆಳೆಯಬೇಕು, ನೆಲದಡಿಗೆ ಬೆಳೆಯಬೇಕು, ಜೊತೆಗೆ ಈಗಾಗಲೇ ಅಲ್ಲಿರುವವರ ಜಾಗವನ್ನು ಪಡೆಯಬೇಕು. 2003ರಲ್ಲಿ ಯೋಜನೆಯನ್ನು ಪ್ರಕಟಿಸಿದಾಗ ವಿಶ್ವವಿದ್ಯಾಲಯ ಮುಂದಿಟ್ಟ ಗುರಿ ಒಟ್ಟು ಸುಮಾರು 68 ಲಕ್ಷ ಚದರ ಅಡಿ ಕಟ್ಟಡ. ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅವರ ಕಚೇರಿ, ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆಯೊಡನೆ ಸೇರಿ ಇದರ ಸಮಗ್ರ ನಕ್ಷೆಯನ್ನು ರೂಪಿಸಿತು.

ಆ ಹೊತ್ತಿಗೆ ಅಲ್ಲಿದ್ದದ್ದು ಗೋದಾಮುಗಳು, ವಾಹನ ರಿಪೇರಿ ಗ್ಯಾರೇಜುಗಳು, ಮಾಂಸದ ಸಗಟು ವ್ಯಾಪಾರ, ಪೆಟ್ರೋಲ್ ಬಂಕುಗಳು ಮತ್ತು ಕೆಲವು ವಾಸದ ಮನೆಗಳು. ಒಂದು ಕಾಲದಲ್ಲಿ ಇಲ್ಲಿ ಹಾಲಿನ ಸಂಸ್ಕರಣಾ ಘಟಕವಿತ್ತು, ಕಾರು ಕಂಪನಿಗಳ ಬಹುಮಹಡಿ ಕಟ್ಟಡಗಳಿದ್ದವು. ಬ್ರಾಡ್‌ವೇಯಲ್ಲಿರುವ ನ್ಯಾಶ್ ಕಾರು ಕಂಪನಿಯ ಹಳೆಯ ಕಟ್ಟಡದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಅಣುಬಾಂಬ್ ಯೋಜನೆಯ ಯುರೇನಿಯಂ ಸಂಶೋಧನೆ ನಡೆದದ್ದುಂಟು. ಅದನ್ನೂ, ಹಾಲಿನ ಘಟಕವಾಗಿದ್ದ ಪ್ರೆಂಟಿಸ್ ಹಾಲ್ ಅನ್ನೂ, ಸ್ಟುಡೆಬೇಕರ್ ಕಟ್ಟಡವನ್ನೂ ಕೆಡವದೆ ಉಳಿಸಿಕೊಂಡಿರುವುದು ನನ್ನ ಮಟ್ಟಿಗೆ ಈ ಯೋಜನೆಯ ಒಳ್ಳೆಯ ನಿರ್ಧಾರಗಳಲ್ಲಿ ಒಂದು.

ಜಾಗ ಪಡೆದ ಬಗೆ ಮಾತ್ರ ಇಷ್ಟು ಸುಲಭವಾಗಿ ಮೆಚ್ಚುವಂಥದ್ದಲ್ಲ. ವಿಶ್ವವಿದ್ಯಾಲಯ ಬಹುಪಾಲು ಆಸ್ತಿಗಳನ್ನು ಕ್ರಯಕ್ಕೆ ಕೊಂಡಿತು. ಮಾರಲು ಒಪ್ಪದವರು ಕೆಲವೇ ಮಂದಿ ಉಳಿದರು. ಅವರಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಸಿಖ್ ಕುಟುಂಬವೊಂದೂ ಇತ್ತು. ನ್ಯೂಯಾರ್ಕ್ ನಗರ ಸಭೆ 2007ರ ಡಿಸೆಂಬರಿನಲ್ಲಿ ಭೂಬಳಕೆಯ ಬದಲಾವಣೆಗೆ ಒಪ್ಪಿಗೆ ನೀಡಿತು. ಮರುವರ್ಷ ರಾಜ್ಯದ ಅಭಿವೃದ್ಧಿ ನಿಗಮ ಈ ಪ್ರದೇಶವನ್ನು ಪಾಳುಬಿದ್ದ ಪ್ರದೇಶವೆಂದು ಪರಿಗಣಿಸಿ, ಒಪ್ಪದವರ ಆಸ್ತಿಯನ್ನು ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳುವ ದಾರಿಯನ್ನು ತೆರೆಯಿತು. ಪಾಳುಬೀಳಲು ಬಿಟ್ಟದ್ದು ಜಾಗ ಕೊಂಡ ವಿಶ್ವವಿದ್ಯಾಲಯವೇ ಅಲ್ಲವೇ, ಖಾಸಗಿ ಸಂಸ್ಥೆಯೊಂದರ ವಿಸ್ತರಣೆ ಸಾರ್ವಜನಿಕ ಉದ್ದೇಶ ಹೇಗಾದೀತು ಎಂಬುದು ಮಾಲೀಕರ ವಾದವಾಗಿತ್ತು. 2009ರ ಡಿಸೆಂಬರಿನಲ್ಲಿ ಮೇಲ್ಮನವಿ ಪೀಠವೊಂದು ಮೂರಕ್ಕೆ ಎರಡು ಮತಗಳಿಂದ ಅವರ ಪರವಾಗಿ ತೀರ್ಪು ಕೊಟ್ಟಿತು. ಆದರೆ 2010ರ ಜೂನಿನಲ್ಲಿ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಆ ತೀರ್ಪನ್ನು ಸರ್ವಾನುಮತದಿಂದ ರದ್ದುಪಡಿಸಿತು. ಶಿಕ್ಷಣ ಸಂಸ್ಥೆ ಖಾಸಗಿಯಾದರೂ ಅದರಿಂದ ಸಾರ್ವಜನಿಕ ಪ್ರಯೋಜನವಿದೆ ಎಂದು ಒಪ್ಪಿಕೊಂಡಿತು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಭೂಸ್ವಾಧೀನ ಎಂಬ ಮಾತು ನಮ್ಮ ರಾಜ್ಯದ ರೈತರಿಗೆ ಹೊಸದೇನಲ್ಲ. 2013ರ ನಮ್ಮ ಕೇಂದ್ರ ಕಾಯ್ದೆಯಲ್ಲಿ, ಖಾಸಗಿ ಕಂಪನಿಗಾಗಿ ಸರ್ಕಾರ ಭೂಮಿ ವಶಪಡಿಸಿಕೊಳ್ಳಬೇಕಾದರೆ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟು ಕುಟುಂಬಗಳ ಒಪ್ಪಿಗೆ ಬೇಕೆಂಬ ನಿಯಮವಿದೆ. ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಅದು ಕಡ್ಡಾಯಗೊಳಿಸಿದೆ. ನ್ಯೂಯಾರ್ಕಿನ ಕಾನೂನಿನಲ್ಲಿ ಅಂಥ ಒಪ್ಪಿಗೆಯ ನಿಯಮವಿಲ್ಲ. ಇಲ್ಲಿ ಅದರ ಬದಲು ಬಂದದ್ದು ಒಪ್ಪಂದ: ಸ್ಥಳೀಯರ ಪ್ರತಿನಿಧಿ ಸಂಸ್ಥೆಯೊಡನೆ 2009ರ ಮೇ ತಿಂಗಳಲ್ಲಿ ಸಹಿ ಮಾಡಿದ ಪತ್ರದಲ್ಲಿ ವಿಶ್ವವಿದ್ಯಾಲಯ ವಸತಿ, ಶಾಲೆ, ಉದ್ಯೋಗ ತರಬೇತಿ ಮುಂತಾದವುಗಳಿಗಾಗಿ 15 ಕೋಟಿ ಡಾಲರ್ ಮೌಲ್ಯದ ನೆರವಿಗೆ ಒಪ್ಪಿಕೊಂಡಿತು. ಜನರು ವಾಸವಿರುವ ಮನೆಗಳ ಮೇಲೆ ಸ್ವಾಧೀನದ ಅಧಿಕಾರವನ್ನು ಬಳಸುವಂತೆ ಕೋರುವುದಿಲ್ಲ ಎಂದೂ ಅದು ಮಾತು ಕೊಟ್ಟಿತ್ತು. ಕೋರ್ಟಿನಲ್ಲಿ ಗೆದ್ದ ಮಾತ್ರಕ್ಕೆ ನೆರೆಹೊರೆಯವರ ಮನಸ್ಸು ಗೆಲ್ಲಲಾಗುವುದಿಲ್ಲವೆಂಬುದನ್ನು ಆಡಳಿತ ಆ ಹೊತ್ತಿಗಾದರೂ ಅರಿತಿತ್ತು ಎಂದು ನಾನು ನಂಬುತ್ತೇನೆ.

ಅದಕ್ಕೆ ಕಾರಣವೂ ಇದೆ. 1968ರಲ್ಲಿ ಇದೇ ವಿಶ್ವವಿದ್ಯಾಲಯ ಮಾರ್ನಿಂಗ್‌ಸೈಡ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನದೊಳಗೆ ವ್ಯಾಯಾಮಶಾಲೆಯನ್ನು ಕಟ್ಟಲು ಹೊರಟಿತ್ತು. ದಿಬ್ಬದ ಮೇಲಿನಿಂದ ವಿದ್ಯಾರ್ಥಿಗಳಿಗೆ ಒಂದು ಬಾಗಿಲು, ಕೆಳಗಿನಿಂದ ಹಾರ್ಲೆಮ್‌ನ ಕಪ್ಪು ಜನರಿಗೆ ಇನ್ನೊಂದು ಬಾಗಿಲು ಎಂಬ ನಕ್ಷೆ ಅದು. ಆ ವರ್ಷದ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಕಟ್ಟಡಗಳನ್ನು ಆಕ್ರಮಿಸಿಕೊಂಡು ನಡೆಸಿದ ಪ್ರತಿಭಟನೆಗೆ ಅದೂ ಒಂದು ಮುಖ್ಯ ಕಾರಣವಾಯಿತು. ಅಗೆತ ಅಲ್ಲಿಗೇ ನಿಂತಿತು. ಪಾಯಕ್ಕಾಗಿ ತೋಡಿದ ಆ ಗುಂಡಿ ಇಂದು ಪಾರ್ಕಿನೊಳಗಿನ ಕೊಳವಾಗಿದೆ, ಬಂಡೆಯ ಮೇಲಿನಿಂದ ಅದಕ್ಕೆ ಸಣ್ಣ ಜಲಪಾತವೊಂದು ಬೀಳುತ್ತದೆ. ಹಾರ್ಲೆಮ್‌ನ ಹಿರಿಯರು ಹೊಸ ಆವರಣದ ಮಾತು ಬಂದಾಗಲೆಲ್ಲ ಈ ಹಳೆಯ ಪ್ರಕರಣವನ್ನು ಎತ್ತುವುದು ಸಹಜವೇ ಆಗಿದೆ.

ಈಗ ಕಟ್ಟಡದ ಕೆಲಸಕ್ಕೆ ಬರುತ್ತೇನೆ. 116ನೇ ಬೀದಿಯಲ್ಲಿ ನೆಲದಡಿಯಲ್ಲಿ ಓಡುವ ಒಂದನೇ ನಂಬರಿನ ರೈಲು 125ನೇ ಬೀದಿಯಲ್ಲಿ ಉಕ್ಕಿನ ಕಮಾನಿನ ಮೇಲೆ, ನಮ್ಮ ತಲೆಯ ಮೇಲೆ ಎತ್ತರದಲ್ಲಿ ಓಡುತ್ತದೆ. ರೈಲು ಹತ್ತಿದ್ದಲ್ಲ, ನೆಲವೇ ಇಳಿದಿರುವುದು. ದಿಬ್ಬದಲ್ಲಿ ಗಟ್ಟಿ ಬಂಡೆ ಮೇಲಕ್ಕೇ ಸಿಗುತ್ತದೆ. ಈ ಕಣಿವೆಯಲ್ಲಿ ಅದು ಬಹಳ ಆಳದಲ್ಲಿದೆ, ಮೇಲೆಲ್ಲ ಮಣ್ಣು, ಮರಳು ಮತ್ತು ನದಿಯ ಸಾಮೀಪ್ಯದಿಂದಾಗಿ ಮೇಲಕ್ಕೇ ಸಿಗುವ ಅಂತರ್ಜಲ. ಇಂಥ ಜಾಗದಲ್ಲಿ ಆಳವಾದ ನೆಲಮಾಳಿಗೆಯನ್ನು ತೋಡಿದರೆ ಸುತ್ತಲಿನ ಬೀದಿ ಕುಸಿಯಬಹುದು, ನೀರು ಒಳಗೆ ನುಗ್ಗಬಹುದು. ಆದ್ದರಿಂದ ಇಲ್ಲಿ ಸ್ಲರಿ ಗೋಡೆಯ ವಿಧಾನವನ್ನು ಬಳಸಿದರು. 1960ರ ದಶಕದಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್‌ನ ಪಾಯಕ್ಕೂ ಬಳಸಿದ್ದು ಇದೇ ವಿಧಾನ.

ಈ ಕೆಲಸ ನಡೆಯುವ ರೀತಿಯನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಟ್ಟಡ ಮುಗಿದ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಗೋಡೆ ಬರಬೇಕಾದ ಸಾಲಿನಲ್ಲಿ ಕಿರಿದಾದ ಆಳವಾದ ಕಂದಕವನ್ನು ತುಂಡು ತುಂಡಾಗಿ ತೋಡುತ್ತಾರೆ. ತೋಡುತ್ತಿದ್ದಂತೆಯೇ ಅದಕ್ಕೆ ಬೆಂಟೊನೈಟ್ ಎಂಬ ಜೇಡಿಯನ್ನು ನೀರಿನಲ್ಲಿ ಕಲಸಿದ ಗಂಜಿಯಂತಹ ದ್ರವವನ್ನು ತುಂಬುತ್ತ ಹೋಗುತ್ತಾರೆ. ಅದರ ಒತ್ತಡ ಇಕ್ಕೆಲಗಳ ಮಣ್ಣು ಜರಿಯದಂತೆ ಹಿಡಿದಿಡುತ್ತದೆ. ಬೇಕಾದ ಆಳ ಮುಟ್ಟಿದ ಮೇಲೆ ಕ್ರೇನಿನಿಂದ ಎತ್ತಿದ ಸರಳಿನ ಹಂದರವನ್ನು ಆ ದ್ರವದೊಳಗೇ ನೆಟ್ಟಗೆ ಇಳಿಸುತ್ತಾರೆ. ಅನಂತರ ಉದ್ದನೆಯ ಕೊಳವೆಯನ್ನು ತಳದವರೆಗೆ ಇಳಿಸಿ ಅಡಿಯಿಂದ ಕಾಂಕ್ರೀಟ್ ತುಂಬುತ್ತಾರೆ. ಭಾರವಾದ ಕಾಂಕ್ರೀಟ್ ಕೆಳಗಿನಿಂದ ಏರಿದಂತೆ ಹಗುರಾದ ದ್ರವ ಮೇಲಕ್ಕೆ ಬರುತ್ತದೆ, ಅದನ್ನು ಪಂಪಿನಿಂದ ಹೊರತೆಗೆದು, ಶುದ್ಧಗೊಳಿಸಿ, ಮುಂದಿನ ತುಂಡಿಗೆ ಬಳಸುತ್ತಾರೆ. ಹೀಗೆ ಗೋಡೆಯ ಸುತ್ತು ಪೂರ್ತಿಯಾದ ಮೇಲೆಯೇ ಒಳಗಿನ ಮಣ್ಣನ್ನು ತೆಗೆಯುವುದು. ಆ ನೆಲಮಾಳಿಗೆಯಲ್ಲಿ ಇಂದು ಶಕ್ತಿಸ್ಥಾವರ, ಸರಕು ಇಳಿಸುವ ಜಾಗ, ವಾಹನ ನಿಲುಗಡೆ ಎಲ್ಲವೂ ಸೇರಿಕೊಂಡಿವೆ. ಮೇಲಿನ ಬೀದಿಗಳು ಲಾರಿಗಳ ಕಾಟವಿಲ್ಲದೆ ನಡೆಯುವವರಿಗೆ ಉಳಿದಿವೆ.

ಹಳೆಯ ಕಟ್ಟಡಗಳನ್ನು ಕೆಡವುವ ಕೆಲಸದಲ್ಲಿ ಒಂದು ಸಾವೂ ಸಂಭವಿಸಿತು. 2012ರ ಮಾರ್ಚ್‌ನಲ್ಲಿ 131ನೇ ಬೀದಿಯ ಗೋದಾಮೊಂದನ್ನು ಕೆಡವುತ್ತಿದ್ದಾಗ ಅದು ಕುಸಿದು ಕಾರ್ಮಿಕರೊಬ್ಬರು ಮಡಿದರು, ಜೊತೆಗಿದ್ದವರು ಗಾಯಗೊಂಡರು. ಕಟ್ಟಡಗಳ ಮೇಲೆ ಕೊಡುಗೈ ದಾನಿಗಳ ಹೆಸರುಗಳು ದೊಡ್ಡದಾಗಿ ಕಾಣುವ ಈ ಆವರಣದಲ್ಲಿ ಆ ಕಾರ್ಮಿಕರ ನೆನಪಿಗೂ ಒಂದು ಕಲ್ಲು ಇರಬೇಕೆಂಬುದು ನನ್ನ ಆಸೆ.

ಮೊದಲ ಹಂತ 2015ರ ಹೊತ್ತಿಗೆ, ಉಳಿದದ್ದು 2030ರ ಹೊತ್ತಿಗೆ ಎಂಬುದು ಪರಿಸರ ಪರಿಣಾಮ ವರದಿಯ ಲೆಕ್ಕಾಚಾರವಾಗಿತ್ತು. ನಡೆದದ್ದು ಅದಕ್ಕಿಂತ ನಿಧಾನವಾಗಿ. ಪಿಯಾನೊ ಅವರ ವಿನ್ಯಾಸದ ಜೆರೋಮ್ ಎಲ್. ಗ್ರೀನ್ ವಿಜ್ಞಾನ ಕೇಂದ್ರ 2017ರಲ್ಲಿ ಬಳಕೆಗೆ ಬಂತು: ಒಂಬತ್ತು ಅಂತಸ್ತು, ಸುಮಾರು 4.5 ಲಕ್ಷ ಚದರ ಅಡಿ, ಮಿದುಳಿನ ಸಂಶೋಧನೆಗೆ ಮೀಸಲು. ಪಕ್ಕದಲ್ಲೇ ಎತ್ತರದಲ್ಲಿ ಓಡುವ ರೈಲಿನ ಸದ್ದು ಪ್ರಯೋಗಾಲಯಕ್ಕೆ ತಟ್ಟದಂತೆ ಎರಡು ಪದರಗಳ ಗಾಜಿನ ಹೊರಮೈಯನ್ನು ಕೊಟ್ಟಿದ್ದಾರೆ; ನಡುವಿನ ಗಾಳಿ ಸದ್ದನ್ನೂ ಬಿಸಿಲನ್ನೂ ತಗ್ಗಿಸುತ್ತದೆ. ಅದೇ ವರ್ಷ ಲೆನ್‌ಫೆಸ್ಟ್ ಕಲಾಕೇಂದ್ರ, ಮರುವರ್ಷ ಸಭಾಂಗಣವಿರುವ ಫೋರಮ್ ಕಟ್ಟಡ ತೆರೆದವು. 2022ರ ಜನವರಿಯಲ್ಲಿ ವಾಣಿಜ್ಯ ಶಾಲೆ ಇಲ್ಲಿಗೆ ಬಂತು. ಡಿಲ್ಲರ್ ಸ್ಕೊಫಿಡಿಯೊ ಪ್ಲಸ್ ರೆನ್‌ಫ್ರೊ ವಿನ್ಯಾಸದ ಅದರ ಎರಡು ಕಟ್ಟಡಗಳು ಸೇರಿ 4.92 ಲಕ್ಷ ಚದರ ಅಡಿ. ಮಹಡಿಗಳು ಒಂದು ಒಳಕ್ಕೆ, ಒಂದು ಹೊರಕ್ಕೆ ಸರಿದಂತೆ ಪದರಪದರವಾಗಿ ಕಾಣುತ್ತವೆ. ಎರಡರ ನಡುವೆ ಗಿಡಮರಗಳ ಚೌಕವಿದೆ, ಅದಕ್ಕೆ ಬೇಲಿಯಿಲ್ಲ. ದಕ್ಷಿಣದ ಅಂಚಿನಲ್ಲಿ, 125ನೇ ಬೀದಿಯ ಮೇಲೆ, ಪಿಯಾನೊ ಅವರದೇ ವಿನ್ಯಾಸದ 34 ಅಂತಸ್ತಿನ ವಸತಿ ಗೋಪುರವೂ ಈಗ ಎದ್ದು ನಿಂತಿದೆ.

ಈ ಬೇಲಿಯಿಲ್ಲದ ನಕ್ಷೆಯೇ ನನಗೆ ಇಡೀ ಯೋಜನೆಯ ತಿರುಳಾಗಿ ಕಂಡಿದೆ. ದಿಬ್ಬದ ಮೇಲಿನ ಹಳೆಯ ಆವರಣಕ್ಕೆ ಕಬ್ಬಿಣದ ದೊಡ್ಡ ಗೇಟುಗಳಿವೆ. 2024ರ ಪ್ರತಿಭಟನೆಗಳ ನಂತರ ಗುರುತಿನ ಚೀಟಿ ಇಲ್ಲದವರಿಗೆ ಅವು ಮುಚ್ಚಿದವು, ಅಂಬೇಡ್ಕರ್ ಓದಿದ ಜಾಗವನ್ನು ನೋಡಬಯಸಿದ ನಮ್ಮವರೂ ಬೀದಿಯಲ್ಲೇ ನಿಲ್ಲಬೇಕಾಯಿತು. ಹೊಸ ಆವರಣದಲ್ಲಿ ನಗರದ ಬೀದಿಗಳು ಬೀದಿಗಳಾಗಿಯೇ ಉಳಿದಿವೆ. ಕಟ್ಟಡಗಳ ನೆಲಮಟ್ಟವನ್ನು ಸಾರ್ವಜನಿಕರ ಬಳಕೆಗೆಂದು ಗಾಜಿನಿಂದ ತೆರೆದಿಟ್ಟಿದ್ದಾರೆ. ವಿಜ್ಞಾನ ಕೇಂದ್ರದ ಕೆಳಗೆ ಮಕ್ಕಳಿಗೆ ಮಿದುಳಿನ ಬಗ್ಗೆ ಕಲಿಸುವ ಪ್ರಯೋಗಾಲಯವಿದೆ, ಪಾರ್ಶ್ವವಾಯು ತಡೆಗೆ ಸಲಹೆ ನೀಡುವ ಆರೋಗ್ಯ ಕೇಂದ್ರವಿದೆ. ಚೌಕದ ಬೆಂಚುಗಳಲ್ಲಿ ವಾಣಿಜ್ಯ ಶಾಲೆಯ ವಿದ್ಯಾರ್ಥಿಗಳ ಪಕ್ಕದಲ್ಲಿ ತಳ್ಳುಗಾಡಿಯ ಕೂಸಿನೊಡನೆ ಕುಳಿತ ಅಜ್ಜಿಯರನ್ನು ನಾನು ಕಂಡಿದ್ದೇನೆ, ಸ್ಪ್ಯಾನಿಷ್‌ನಲ್ಲಿ ಜೋರಾಗಿ ಮಾತಾಡುತ್ತ ಅಲ್ಲಿಂದ ಹಾದುಹೋಗುವ ಶಾಲೆಯ ಮಕ್ಕಳನ್ನೂ ಕಂಡಿದ್ದೇನೆ. ಹೀಗಿದ್ದರೂ ಬಾಡಿಗೆ ಏರಿ ಊರು ಬಿಟ್ಟವರಿಗೆ ಈ ಚೌಕದಿಂದ ಉಪಯೋಗವಿಲ್ಲ ಎಂದು ಹಳಬರು ಹೇಳುವ ಮಾತನ್ನು ತಳ್ಳಿಹಾಕಲು ನನ್ನಿಂದಾಗದು.

ಒಟ್ಟು ನಕ್ಷೆಯಲ್ಲಿ ಇದುವರೆಗೆ ಕಟ್ಟಿರುವುದು ಸಣ್ಣ ಪಾಲು. ಉತ್ತರದಲ್ಲಿ, 133ನೇ ಬೀದಿಯವರೆಗೆ, ಇನ್ನೂ ಅನೇಕ ನಿವೇಶನಗಳಲ್ಲಿ ಕೆಲಸ ನಡೆಯಬೇಕಿದೆ. ಅಲ್ಲಿಯ ಕಟ್ಟಡಗಳಿಗೆ ಹಣ ಒದಗಿದಾಗ, ಉಳಿತಾಯದ ಮಾತು ಬಂದಾಗ, ಮೊದಲು ಕತ್ತರಿ ಬೀಳುವುದು ಲಾಭ ತಾರದ ನೆಲಮಟ್ಟದ ಜಾಗಕ್ಕೆ. ಹಾಗಾಗದಂತೆ ನೋಡಿಕೊಳ್ಳಬೇಕಾದವರು 2009ರ ಒಪ್ಪಂದಕ್ಕೆ ಸಹಿ ಮಾಡಿದ ಎರಡೂ ಕಡೆಯವರು, ಮತ್ತು ಮುಂದೆ ಬರುವ ಪ್ರತಿಯೊಂದು ನಕ್ಷೆಯನ್ನು ಸಮುದಾಯ ಮಂಡಳಿಯ ಸಭೆಯಲ್ಲಿ ಕುಳಿತು ಪರಿಶೀಲಿಸುವ ನೆರೆಹೊರೆಯವರು.